ಫಿಫ್ಟೀನೋ, ಫಿಫ್ಟಿಯೋ?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರ ಸಣ್ಣ ಕಾರ್ಖಾನೆ ಇದೆ. ಆರು ಸಿಎನ್‌ಸಿ ಯಂತ್ರಗಳು, ಇಪ್ಪತ್ತು ಮಂದಿ ಕೆಲಸಗಾರರು. ಪಂಪುಗಳಿಗೆ ಬೇಕಾಗುವ ಉಕ್ಕಿನ ಬಿಡಿಭಾಗಗಳನ್ನು ಮಾಡಿ ಜರ್ಮನಿಗೆ ಕಳಿಸುತ್ತಾರೆ. ಹೊಸ ಆರ್ಡರಿನ ಮಾತುಕತೆಗೆಂದೇ ಅವರು ದುಬಾರಿ 4ಕೆ ಕ್ಯಾಮೆರಾ ಮತ್ತು ಗೋಡೆಯಗಲದ ಟಿವಿ ಕೊಂಡು ತಂದಿದ್ದರು. ಆ ದಿನ ನಾನೂ ಆ ಕೋಣೆಯಲ್ಲಿದ್ದೆ. ಚಿತ್ರ ಎಷ್ಟು ನಿಚ್ಚಳವಾಗಿತ್ತೆಂದರೆ ಆಚೆ ಕೂತವರ ಅಂಗಿಯ ಹೊಲಿಗೆ ಕೂಡ ಕಾಣುತ್ತಿತ್ತು.

ಬಿಡಿಭಾಗದ ಬೋರಿನ, ಅಂದರೆ ನಡುವಿನ ತೂತಿನ, ಅಳತೆಯನ್ನು ಎಷ್ಟು ಟಾಲರೆನ್ಸ್ ಒಳಗೆ, ಅಂದರೆ ಎಷ್ಟು ಏರುಪೇರಿನೊಳಗೆ, ನಿಲ್ಲಿಸಬಲ್ಲಿರಿ ಎಂದು ಆಚೆಯವರು ಕೇಳಿದರು. ಸ್ನೇಹಿತರು ‘ಫಿಫ್ಟೀನ್ ಮೈಕ್ರಾನ್ಸ್’ ಎಂದರು. ಆ ಕಡೆ ಇಬ್ಬರು ಮುಖ ಮುಖ ನೋಡಿಕೊಂಡರು. ಅಲ್ಲಿಂದ ಮಾತು ತಣ್ಣಗಾಯಿತು, ಹತ್ತೇ ನಿಮಿಷದಲ್ಲಿ ಮೀಟಿಂಗ್ ಮುಗಿಯಿತು. ಮೂರು ವಾರ ಸುದ್ದಿಯಿಲ್ಲ. ಕೊನೆಗೆ ಇಮೇಲ್‌ಗಳು ಓಡಾಡಿದಾಗ ತಿಳಿದದ್ದು, ಅವರ ಕಿವಿಗೆ ಬಿದ್ದದ್ದು ‘ಫಿಫ್ಟಿ’. ಹದಿನೈದು ಮೈಕ್ರಾನ್ ಎಂದರೆ ಕುಸುರಿ ಕೆಲಸ. ಐವತ್ತು ಎಂದರೆ ಹೆಚ್ಚುಕಡಿಮೆ ತೆಳುವಾದ ಒಂದು ತಲೆಗೂದಲಿನ ದಪ್ಪ. ಅಂಥ ಸಡಿಲ ಅಳತೆಯ ಭಾಗವನ್ನು ಆ ಪಂಪಿಗೆ ಯಾರೂ ಹಾಕಿಸಿಕೊಳ್ಳುವುದಿಲ್ಲ.

ಮೈಕ್ ಇದ್ದದ್ದು ಕ್ಯಾಮೆರಾದೊಳಗೆ, ಟಿವಿಯ ನೆತ್ತಿಯ ಮೇಲೆ. ಸ್ನೇಹಿತರು ಕೂತಿದ್ದು ಮೇಜಿನ ಈಚೆ ತುದಿಯಲ್ಲಿ, ಹನ್ನೆರಡು ಅಡಿ ದೂರ. ಗ್ರಾನೈಟ್ ನೆಲ, ಗಾಜಿನ ಗೋಡೆ, ತಲೆಯ ಮೇಲೆ ಫ್ಯಾನು, ಗೋಡೆಯಾಚೆ ಯಂತ್ರಗಳ ಮೊರೆತ. ಲಕ್ಷಾಂತರ ಚುಕ್ಕಿಗಳ ಚಿತ್ರ ಸುಖವಾಗಿ ಸಮುದ್ರ ದಾಟಿತ್ತು. ದಾಟದೆ ಉಳಿದದ್ದು ಒಂದು ‘ನ್’ ಅಕ್ಷರ.

ಹೈ ಡೆಫಿನಿಷನ್ ಎಂಬ ಮಾತನ್ನು ನಾವು ಚಿತ್ರಕ್ಕೆ ಮಾತ್ರ ಅಂಟಿಸಿಕೊಂಡಿದ್ದೇವೆ. ಅಂಗಡಿಯವರು ಹಾಗೆ ಕಲಿಸಿದ್ದಾರೆ. ಮೊದಲು ಆ ಲೆಕ್ಕವನ್ನೇ ನೋಡೋಣ. 720 ಎಂದು ಕರೆಯುವ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 720 ಚುಕ್ಕಿಗಳು, ಒಟ್ಟು ಒಂಬತ್ತು ಲಕ್ಷಕ್ಕೂ ಮೇಲೆ. 1080ರಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 30 ಚಿತ್ರ ಎಂದು ಗುಣಿಸಿದರೆ ಸೆಕೆಂಡಿಗೆ ಸುಮಾರು 149 ಕೋಟಿ ಬಿಟ್. ನಮ್ಮ ಆಫೀಸುಗಳ ಬ್ರಾಡ್‌ಬ್ಯಾಂಡ್ ಇದನ್ನು ಹೊರಲಾರದು. ಆದರೂ ಮೀಟಿಂಗ್ ನಡೆಯುತ್ತದೆ, ಏಕೆಂದರೆ ಇಂಟರ್ನೆಟ್ ಸಾಲಿನ ಮೇಲೆ ನಿಜಕ್ಕೂ ಹರಿಯುವುದು ಸೆಕೆಂಡಿಗೆ ಮೂವತ್ತು ನಲವತ್ತು ಲಕ್ಷ ಬಿಟ್ ಅಷ್ಟೇ. ಮುನ್ನೂರೆಪ್ಪತ್ತು ಪಾಲಿನಲ್ಲಿ ಒಂದು ಪಾಲನ್ನು ಮಾತ್ರ ಕಳಿಸಿ, ಆಚೆಯವರಿಗೆ ಪೂರ್ತಿ ಮುಖ ಕಾಣುವಂತೆ ಮಾಡುವ ವಿದ್ಯೆ ಇದು.

ಈ ವಿದ್ಯೆಯ ಬೇರು ಬೆಂಗಳೂರಿನವರೊಬ್ಬರ ತಲೆಯಲ್ಲಿ ಮೊಳೆಯಿತು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಕೆ.ಆರ್. ವೃತ್ತದ ಬಳಿಯ ಯುವಿಸಿಇ ಕಾಲೇಜಿನಲ್ಲಿ 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ಚಿತ್ರವನ್ನು ಕೊಸೈನ್ ಅಲೆಗಳಾಗಿ ಬಿಡಿಸಿದರೆ ಕಡಿಮೆ ಅಂಕಿಗಳಲ್ಲಿ ಹಿಡಿದಿಡಬಹುದು ಎಂಬ ಯೋಚನೆ ಹೊಳೆಯಿತು. 1972ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಅವರ ಜೊತೆ ಸೇರಿ ಕೆಲಸ ಮುಂದುವರಿಸಿ, 1974ರ ಜನವರಿಯಲ್ಲಿ ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಮೊಬೈಲಿನ ಜೆಪೆಗ್ ಫೋಟೋದಲ್ಲಿ, 1988ರ ಎಚ್.261 ಎಂಬ ವಿಡಿಯೊ ಕಾನ್ಫರೆನ್ಸ್ ಮಾನದಂಡದಲ್ಲಿ, 2003ರಲ್ಲಿ ಬಂದು ಇಂದಿಗೂ ಎಲ್ಲೆಡೆ ಓಡುತ್ತಿರುವ ಎಚ್.264ರಲ್ಲಿ ಇರುವುದು ಇದೇ ಗಣಿತ ಅಥವಾ ಇದರ ಸರಳ ರೂಪ. ಕೆ.ಆರ್. ವೃತ್ತ ದಾಟುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಕಾಲೇಜಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಬೇಕಾದ ಹೆಸರು ಅದು.

ಡಿಸಿಟಿ ಮಾಡುವ ಕೆಲಸವನ್ನು ಹೀಗೆ ತಿಳಿಯಬಹುದು. ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸುತ್ತದೆ. ನಿಮ್ಮ ಕೆನ್ನೆಯ ಮೇಲಿನ ಒಂದು ಚೌಕದಲ್ಲಿ ಬಣ್ಣ ಮೆಲ್ಲಗೆ ಬದಲಾಗುತ್ತದೆಯೇ ಹೊರತು ಥಟ್ಟನೆ ಜಿಗಿಯುವುದಿಲ್ಲ. ಹಾಗಾಗಿ ಅರವತ್ತನಾಲ್ಕು ಚುಕ್ಕಿಗಳ ಬದಲು ನಾಲ್ಕೈದು ಅಂಕಿಗಳನ್ನು ಕಳಿಸಿದರೂ ಸಾಕು, ಆ ಚೌಕ ಮತ್ತೆ ಮೂಡುತ್ತದೆ. ಕೂದಲು, ಜರಿಯಂಚು, ಯಂತ್ರದ ಚೂರುಗಳಂಥ ಸೂಕ್ಷ್ಮ ವಿವರಗಳಿಗೆ ಹೆಚ್ಚು ಅಂಕಿ ಬೇಕು. ಸಾಲು ಇಕ್ಕಟ್ಟಾದಾಗ ಮೊದಲು ಕೈಬಿಡುವುದು ಈ ವಿವರಗಳನ್ನೇ. ಇದಕ್ಕೆ ಇನ್ನೊಂದು ಉಪಾಯವೂ ಸೇರಿಕೊಂಡಿದೆ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಎಲ್ಲಿ ವ್ಯತ್ಯಾಸ ಇದೆಯೋ ಅದನ್ನಷ್ಟೇ ಕಳಿಸುವುದು. ನಿಮ್ಮ ಹಿಂದಿನ ಗೋಡೆ ಅಲುಗಾಡುವುದಿಲ್ಲ, ಅದಕ್ಕೆ ಖರ್ಚಿಲ್ಲ. ನಿಮ್ಮ ಬೆನ್ನ ಹಿಂದೆ ಫ್ಯಾನು ತಿರುಗುತ್ತಿದ್ದರೆ, ಕಿಟಕಿಯಾಚೆ ಹೊಂಗೆಮರ ಗಾಳಿಗೆ ಆಡುತ್ತಿದ್ದರೆ, ಅದರ ಪ್ರತಿ ಎಲೆಯನ್ನೂ ಹೊಸದಾಗಿ ಕಳಿಸಬೇಕು. ಆ ಬಿಟ್‌ಗಳು ನಿಮ್ಮ ಮುಖದ ಪಾಲಿನಿಂದಲೇ ಹೋಗುತ್ತವೆ. ಬರೀ ಗೋಡೆಗೆ ಬೆನ್ನು ಹಾಕಿ ಕೂರುವುದು ಕಾಸಿಲ್ಲದೆ ಸಿಗುವ ಎಚ್‌ಡಿ.

4ಕೆ ಕ್ಯಾಮೆರಾದಲ್ಲಿ 83 ಲಕ್ಷ ಚುಕ್ಕಿಗಳಿರುತ್ತವೆ, ನಿಜ. ಆದರೆ ಹೆಚ್ಚಿನ ಮೀಟಿಂಗ್ ಆ್ಯಪ್‌ಗಳು ಕಳಿಸುವುದು 720 ಅಥವಾ 1080 ಅಷ್ಟೇ. ಪರದೆಯನ್ನು ಹದಿನಾರು ಮನೆಗಳಾಗಿ ಹಂಚಿ ಎಲ್ಲರ ಮುಖ ತೋರಿಸಿದಾಗ, 1080ರ ಪರದೆಯ ಮೇಲೆ ಒಬ್ಬೊಬ್ಬರಿಗೆ ಸಿಗುವುದು 480ಕ್ಕೆ 270 ಚುಕ್ಕಿ. ಅಲ್ಲಿ ಯಾರೂ ಎಚ್‌ಡಿಯಲ್ಲಿ ಇಲ್ಲ. ನಡುವಿನ ಸರ್ವರ್ ಕೂಡ ಇದನ್ನು ಅರಿತೇ ನಿಮ್ಮ ಚಿತ್ರದ ಸಣ್ಣ ಪ್ರತಿಯನ್ನು ಮಾತ್ರ ಇತರರಿಗೆ ದಾಟಿಸುತ್ತದೆ. ಇಬ್ಬರು ಮೂವರು ಎದುರುಬದುರು ಮಾತನಾಡುವಾಗ, ವಸ್ತುವೊಂದನ್ನು ಹಿಡಿದು ತೋರಿಸುವಾಗ ಹೆಚ್ಚಿನ ಚುಕ್ಕಿಗಳಿಗೆ ಬೆಲೆ ಬರುತ್ತದೆ. ಡ್ರಾಯಿಂಗನ್ನು ಮಾತ್ರ ಕ್ಯಾಮೆರಾಗೆ ಹಿಡಿಯಬೇಡಿ, ಸ್ಕ್ರೀನ್ ಶೇರ್ ಮಾಡಿ. ವಿಡಿಯೊದಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಒರಟಾಗಿ ಕಳಿಸುವುದು ವಾಡಿಕೆ. ನೀಲಿ ಗೆರೆಗಳ ಮೇಲೆ ಕೆಂಪು ಇಂಕಿನಲ್ಲಿ ಬರೆದ ಅಂಕಿ ಕಲಸಿಹೋಗುವುದು ಅದರಿಂದಲೇ.

ದೂರದವರ ಮುಖ ನೋಡುತ್ತ ಮಾತಾಡುವ ಆಸೆ ಹಳೆಯದು. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಎಟಿ ಆ್ಯಂಡ್ ಟಿ ಸಂಸ್ಥೆ ಪಿಕ್ಚರ್‌ಫೋನ್ ಎಂಬ ಯಂತ್ರವನ್ನು ತೋರಿಸಿತು. 1970ರಲ್ಲಿ ಪಿಟ್ಸ್‌ಬರ್ಗ್‌ನ ಕಂಪನಿಗಳಿಗೆ ಮಾರಲು ಹೊರಟಿತು. ಬಾಡಿಗೆ ವಿಪರೀತ, ಕೊಂಡವರೂ ಕಡಿಮೆ, ಯೋಜನೆ ಮುರಿದುಬಿತ್ತು. ನಮ್ಮ ಊರಿನಲ್ಲಿ ಈ ಬಯಕೆಯ ಹಿಂದೆ ದುಡಿಮೆಯ ಒತ್ತಡವಿತ್ತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಉಪಗ್ರಹದ ಡಿಶ್ ಒಂದನ್ನು ನಿಲ್ಲಿಸಿಕೊಂಡೇ ಕೆಲಸ ಶುರು ಮಾಡಬೇಕಾಯಿತು. ಎಲೆಕ್ಟ್ರಾನಿಕ್ ಸಿಟಿಯ ಇನ್ಫೊಸಿಸ್ ಕ್ಯಾಂಪಸ್ಸಿನಲ್ಲಿ ನಂದನ್ ನಿಲೇಕಣಿ ತೋರಿಸಿದ ಗೋಡೆಯಗಲದ ವಿಡಿಯೊ ಪರದೆಯ ಕೋಣೆಯಿಂದಲೇ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್ಮನ್ ಜಾಗತೀಕರಣ ಕುರಿತ ತಮ್ಮ 2005ರ ಪುಸ್ತಕದ ಕಥೆ ಎತ್ತಿಕೊಂಡರು. ಮರುವರ್ಷ ಸಿಸ್ಕೊ ಕಂಪನಿ ಮಾರುಕಟ್ಟೆಗೆ ತಂದ ಟೆಲಿಪ್ರೆಸೆನ್ಸ್ ಕೋಣೆಯಲ್ಲಿ ಮೂರು ದೊಡ್ಡ ಪರದೆಗಳಿದ್ದವು, ಎದುರಿನ ಮನುಷ್ಯ ನಿಜದ ಅಳತೆಯಲ್ಲಿ ಕಾಣುತ್ತಿದ್ದ. ಅಂಥ ಕೋಣೆಗೆ ಆಗ ಲಕ್ಷಾಂತರ ಡಾಲರ್. ಅದನ್ನು ಕಟ್ಟಿದವರು ಪರದೆಯಷ್ಟೇ ಶ್ರದ್ಧೆಯನ್ನು ಮೇಜಿಗೆ, ದೀಪಕ್ಕೆ, ಮೈಕಿಗೆ ಕೊಟ್ಟಿದ್ದರು. ಈಗ ಕ್ಯಾಮೆರಾ ಅಗ್ಗವಾಗಿ ಎಲ್ಲರ ಕೈಗೆ ಬಂದಿದೆ, ಆ ಉಳಿದ ಶ್ರದ್ಧೆ ಜೊತೆಗೆ ಬರಲಿಲ್ಲ.

ದನಿಯ ಮಾತಿಗೆ ಬರುತ್ತೇನೆ. ನನಗೆ ಇದೇ ಮುಖ್ಯ. ದೂರ ಎರಡು ಪಟ್ಟಾದಾಗ ನೇರವಾಗಿ ಮೈಕಿಗೆ ತಲುಪುವ ದನಿಯ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಒಂದೂವರೆ ಅಡಿಯಲ್ಲಿರುವ ಮೈಕ್ ಹನ್ನೆರಡು ಅಡಿಗೆ ಸರಿದರೆ ಉಳಿಯುವುದು ಅರವತ್ತನಾಲ್ಕರಲ್ಲಿ ಒಂದು ಪಾಲು. ಗೋಡೆ, ಗಾಜು, ನೆಲದಿಂದ ಪುಟಿದು ಬರುವ ಮಾರ್ದನಿ ಮಾತ್ರ ಹಾಗೆ ಕುಗ್ಗುವುದಿಲ್ಲ, ಕೋಣೆಯ ತುಂಬ ಸುತ್ತುತ್ತಲೇ ಇರುತ್ತದೆ. ‘ಫಿಫ್ಟೀನ್’ ಕೊನೆಯ ‘ನ್’ ಮೂಗಿನಲ್ಲಿ ಹೊರಡುವ ಮೆಲುದನಿ. ಹಿಂದಿನ ಸ್ವರದ ಮಾರ್ದನಿ ಅದರ ಮೇಲೆ ಬಂದು ಕವಿದರೆ ಅದು ಮುಳುಗಿಹೋಗುತ್ತದೆ.

ಹಳೆಯ ಟೆಲಿಫೋನ್ ಸಾಲು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ಸಾಗಿಸುತ್ತಿತ್ತು. ‘ಸ’ಕಾರದ ಸಿಳ್ಳಿನ ಬಲ ಬಹುಪಾಲು 4000 ಹರ್ಟ್ಸ್‌ನ ಮೇಲೆ ಇರುತ್ತದೆ. ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ ‘ಎಸ್ ಫಾರ್ ಸೀತಾ, ಎಫ್ ಫಾರ್ ಫಾತಿಮಾ’ ಎಂದು ಬಿಡಿಸಿ ಹೇಳುವ ಅಭ್ಯಾಸ ನಮಗೆ ಬಂತು. 2012ರಲ್ಲಿ ಮಾನದಂಡವಾದ ಓಪಸ್ ಎಂಬ, ದನಿಯನ್ನು ಕುಗ್ಗಿಸಿ ಕಳಿಸುವ ಕೋಡೆಕ್ 20,000 ಹರ್ಟ್ಸ್‌ವರೆಗೂ ಸಾಗಿಸಬಲ್ಲದು, ಅದಕ್ಕೆ ಬೇಕಾಗುವ ಬಿಟ್‌ಗಳು ಚಿತ್ರದ ಮುಂದೆ ಲೆಕ್ಕಕ್ಕೇ ಇಲ್ಲ. ಸಾಲಿನಲ್ಲಿ ಜಾಗವಿದೆ, ನಾವು ಮೈಕಿಗೆ ಕೊಡುವ ದನಿಯೇ ಕೆಟ್ಟಿರುತ್ತದೆ.

ಇನ್ನು ತಡ. ಮನುಷ್ಯರ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಪಾಲು, ಅಂದರೆ 200 ಮಿಲಿಸೆಕೆಂಡ್ ಆಸುಪಾಸು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿರಲಿ ಎನ್ನುತ್ತದೆ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಗೆರೆ ಎಳೆದರೂ ಸುಮಾರು 14,000 ಕಿಲೋಮೀಟರ್, ಅಷ್ಟಕ್ಕೇ 70 ಮಿಲಿಸೆಕೆಂಡ್ ಹೋಯಿತು. ಇದನ್ನು ಯಾವ ದುಡ್ಡೂ ಕಡಿಮೆ ಮಾಡಲಾರದು. ಉಳಿದದ್ದನ್ನು ವೈಫೈ, ಹಳೆಯ ಲ್ಯಾಪ್‌ಟಾಪ್, ಚಿತ್ರಕ್ಕೆ ಹೊಳಪು ತುಂಬಲು ಟಿವಿ ತೆಗೆದುಕೊಳ್ಳುವ ಸಮಯ ನುಂಗುತ್ತವೆ. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದರೆ, ಕಂಪ್ಯೂಟರಿಗೆ ಲ್ಯಾನ್ ವೈರ್ ಚುಚ್ಚಿದರೆ ಒಂದಿಷ್ಟು ವಾಪಸು ಸಿಗುತ್ತದೆ. ತಡ ಹೆಚ್ಚಾದಾಗ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ. ಎದುರಿನವರು ಉತ್ತರಿಸಲು ಹಿಂದೆಮುಂದೆ ನೋಡುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ವ್ಯಾಪಾರದಲ್ಲಿ ಆ ಭಾವನೆಗೆ ತೆರಬೇಕಾದ ಬೆಲೆ ದೊಡ್ಡದು.

ಬ್ರಾಡ್‌ಬ್ಯಾಂಡ್ ಕೊಳ್ಳುವಾಗ ಅಪ್‌ಲೋಡ್ ವೇಗ ಎಷ್ಟು ಎಂದು ಕೇಳಿ ತಿಳಿಯಬೇಕು. ನಿಮ್ಮ ಮುಖ ಹೊರಗೆ ಹೋಗುವುದು ಅದರಲ್ಲಿ. ಕರೆಂಟು ಹೋದಾಗ ರೂಟರ್ ಆರದಂತೆ ಅದಕ್ಕೂ ಯುಪಿಎಸ್ ಇರಲಿ.

ಬೆಳಕಿನ ವಿಷಯದಲ್ಲಿ ನಮ್ಮ ದೇಶಕ್ಕೆ ಸೇರಿದ ಒಂದು ಸಂಗತಿ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ ವೆಬ್‌ಕ್ಯಾಮ್‌ನಲ್ಲಿ ಮುಖದ ಮೇಲೆ ಕಪ್ಪು ಪಟ್ಟಿಗಳು ತೆವಳಿದಂತೆ ಕಾಣುತ್ತದೆ. ಸೆಟ್ಟಿಂಗಿನಲ್ಲಿ 50 ಮಾಡಿದರೆ ಪಟ್ಟಿ ಮಾಯ. ಕಿಟಕಿ ಬೆನ್ನ ಹಿಂದೆ ಇದ್ದರೆ ನೀವು ಬರೀ ನೆರಳು. ತಿರುಗಿ ಕಿಟಕಿಗೆ ಮುಖ ಮಾಡಿ ಕೂರಿ. ದಿನವಿಡೀ ಮೀಟಿಂಗ್ ಇರುವವರು ತಮ್ಮ ಮುಖ ತಮಗೇ ಕಾಣುವ ಚೌಕವನ್ನು ಮುಚ್ಚಿಟ್ಟರೆ ಒಳ್ಳೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಮೀಟಿಂಗಿನ ದಣಿವಿಗೆ ಕೊಟ್ಟ ಕಾರಣಗಳಲ್ಲಿ ಇಡೀ ದಿನ ಕನ್ನಡಿ ಮುಂದೆ ಕೂತಂತಾಗುವುದೂ ಒಂದು.

ಪೀಣ್ಯದ ಆ ಕೋಣೆ ಈಗ ಬದಲಾಗಿದೆ. ಗಾಜಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ಮೇಜಿನ ನಡುವೆ ಒಂದು ಮೈಕ್, ಅದರ ಬೆಲೆ ಕ್ಯಾಮೆರಾದ ಬೆಲೆಯ ಕಾಲುಭಾಗವೂ ಇಲ್ಲ. ಅಳತೆ ಹೇಳುವಾಗ ಸ್ನೇಹಿತರು ‘ವನ್, ಫೈವ್’ ಎಂದು ಅಂಕಿ ಅಂಕಿಯಾಗಿ ಹೇಳುತ್ತಾರೆ, ಶೇರ್ ಮಾಡಿದ ಪರದೆಯ ಮೇಲೆ ಬರೆದೂ ತೋರಿಸುತ್ತಾರೆ.

ಅವರ ಮುಂದಿನ ಮೀಟಿಂಗಿಗೂ ನಾನು ಹೋಗಿದ್ದೆ. ಸ್ಯಾಂಪಲ್ ತೋರಿಸುವ ಸರದಿ ಬಂದಾಗ ಕೆಲಸದ ಹುಡುಗ ಅದನ್ನು ಕಪ್ಪು ಬಟ್ಟೆಯ ಮೇಲಿಟ್ಟು ಕೈ ಹಿಂದೆಗೆದ. ಮೊದಲು ಮಸುಕಾಗಿದ್ದ ಚಿತ್ರ, ವಸ್ತು ಅಲುಗದೆ ನಿಂತಂತೆ, ಎರಡು ಸೆಕೆಂಡಿನಲ್ಲಿ ವಿವರ ತುಂಬಿಕೊಂಡು ತಿಳಿಯಾಯಿತು. ಸ್ವಲ್ಪ ಎಡಕ್ಕೆ ತಿರುಗಿಸಿ ಎಂದರು ಅತ್ತಲಿಂದ. ತಿರುಗಿಸಿದ. ಬೋರಿನ ಬಾಯಿಯ ಬಳಿ ಸಣ್ಣದೊಂದು ಬರ್ ಉಳಿದಿದೆಯಲ್ಲ, ಎಂದರು. ಬಗ್ಗಿ ನೋಡಿದರೆ ಹೌದು, ಉಗುರಿಗೂ ಸಿಗದಷ್ಟು ಸಣ್ಣ ಲೋಹದ ಮುಳ್ಳು. ಸ್ನೇಹಿತರು ಅದನ್ನು ಎತ್ತಿ ಹುಡುಗನ ಕೈಗೆ ಕೊಟ್ಟರು. ಅವನು ಅರ ಹುಡುಕಿಕೊಂಡು ಬೆಂಚಿನ ಕಡೆ ಹೋದ. ಆ ಕಡೆಯವರು ಕಾಯುತ್ತ ಕೂತರು.