ಗಡಿ ತಾಲ್ಲೂಕಿನ ನೆಟ್‌ವರ್ಕ್: ತಪ್ಪು ಕಲ್ಪನೆ ನಾಲ್ಕು, ಸತ್ಯವೂ ನಾಲ್ಕು

ಜಹೀರಾಬಾದ್, ನಾರಾಯಣಖೇಡ ಒಂದು ಕಾಲಕ್ಕೆ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲ್ಬರ್ಗ ಜಿಲ್ಲೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಬೀಗತನ, ವ್ಯಾಪಾರ ಇಂದಿಗೂ ಬೀದರ್, ಸೇಡಂ ಕಡೆಗೆ ಹರಡಿರುವುದರಿಂದ ಇಲ್ಲಿನವರ ಫೋನು ಗಡಿ ದಾಟುತ್ತಲೇ ಇರುತ್ತದೆ. ಆ ಫೋನಿನ ಹಿಂದಿನ ಸೇವೆಯನ್ನು ಈಗ ಬಹುಮಟ್ಟಿಗೆ ಸಾಫ್ಟ್‌ವೇರಿನಲ್ಲೇ ರೂಪಿಸಿ, ಅಲ್ಲಿಂದಲೇ ಜಾರಿಗೆ ತರುತ್ತಾರೆ. ಈ ಬಗ್ಗೆ ಕೇಳಿಬರುವ ಕೆಲವು ಮಾತುಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಹೊಸ ಸೇವೆಗೆ ಹೊಸ ಯಂತ್ರವೇ ಬೇಕು.

ಸತ್ಯ: ಹಿಂದೆ ಹಾಗೇ ಇತ್ತು; ಒಂದೊಂದು ಕೆಲಸಕ್ಕೂ ಒಂದೊಂದು ಯಂತ್ರದ ಪೆಟ್ಟಿಗೆ. 2012ರಲ್ಲಿ ದೊಡ್ಡ ಟೆಲಿಕಾಂ ಕಂಪನಿಗಳು ಸೇರಿ, ಪೆಟ್ಟಿಗೆಯೊಳಗಿನ ಕೆಲಸವನ್ನು ಸಾಮಾನ್ಯ ಸರ್ವರ್‌ಗಳ ಮೇಲೆ ಸಾಫ್ಟ್‌ವೇರಾಗಿ ನಡೆಸೋಣ ಎಂಬ ವಿಚಾರ ಮುಂದಿಟ್ಟವು. 2017ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಬಂದ 'ಓನ್ಯಾಪ್' ಅಂಥ ಸೇವೆಗಳನ್ನು ಕಟ್ಟುವ ಮುಕ್ತ ಸಲಕರಣೆ. ತಾಂಡೂರಿನ ಬ್ಯಾಂಕ್ ಶಾಖೆಯೊಂದಕ್ಕೆ ಪ್ರತ್ಯೇಕ ಲೈನ್ ಬೇಕು ಎನ್ನಿ. ವೇಗ ಎಷ್ಟು, ಫೈರ್‌ವಾಲ್ ಯಾವುದು, ಲೈನ್ ಬಿದ್ದರೆ ಬದಲಿ ದಾರಿ ಯಾವುದು ಎಂಬುದನ್ನೆಲ್ಲ ಎಂಜಿನಿಯರ್ ಒಂದು ಮಾದರಿಯಾಗಿ ಬರೆದಿಡುತ್ತಾರೆ. ಸಾಫ್ಟ್‌ವೇರ್ ಅದನ್ನು ಓದಿ ಸರ್ವರ್ ಹಂಚುತ್ತದೆ, ರೂಟರ್‌ಗಳನ್ನು ಹೊಂದಿಸುತ್ತದೆ, ಆಮೇಲೆ ಲೈನಿನ ಮೇಲೆ ಕಣ್ಣಿಟ್ಟಿರುತ್ತದೆ. ನಾಳೆ ಜಹೀರಾಬಾದಿನ ಶಾಖೆಗೂ ಅದೇ ಮಾದರಿ ಸಾಕು; ವಿಳಾಸ, ವೇಗದಂಥ ವಿವರಗಳು ಬದಲಾದರಾಯಿತು.

ತಪ್ಪು ಕಲ್ಪನೆ 2: ಹಾಗಾದರೆ ಗುಂಡಿ ಒತ್ತಿದರೆ ಎಲ್ಲ ಮುಗಿಯಿತು.

ಸತ್ಯ: ಸಾಫ್ಟ್‌ವೇರ್ ಕೇಬಲ್ ಹೂಳಲು ಕಾಲುವೆ ತೋಡುವುದಿಲ್ಲ, ಜೆಸಿಬಿ ಕೇಬಲ್ ಕಡಿದರೆ ಬೆಸೆಯುವುದೂ ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್‌ನಲ್ಲಿ ಮೊದಲು ಕೇಬಲ್ ಹೆಚ್ಚಾಗಿ ಒಂಟಿ ಸಾಲಾಗಿ ಸಾಗಿತ್ತು. 2023ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ರಿಂಗ್ ವಿನ್ಯಾಸ ತಂದಿತು: ಒಂದು ಕಡೆ ಕಡಿದರೆ ದತ್ತಾಂಶ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಆದರೆ ರಿಂಗಿನ ಎರಡೂ ಕೇಬಲ್‌ಗಳು ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಒಂದೇ ಏಟಿಗೆ ಎರಡೂ ಹೋಗುತ್ತವೆ. ಪರದೆಯ ಮೇಲೆ ಮಾತ್ರ ಅದು ರಿಂಗ್. ನೆಲದಲ್ಲಿ ಕೇಬಲ್ ಎಲ್ಲಿದೆ ಎಂಬ ಲೆಕ್ಕವನ್ನು ತಪ್ಪಾಗಿ ತುಂಬಿದ್ದರೆ ಸಾಫ್ಟ್‌ವೇರ್ ಆ ತಪ್ಪನ್ನೇ ಇನ್ನಷ್ಟು ಬೇಗ ಜಾರಿಗೆ ತರುತ್ತದೆ.

ತಪ್ಪು ಕಲ್ಪನೆ 3: ಇದೆಲ್ಲ ಹೊರದೇಶದ ವಿದ್ಯೆ.

ಸತ್ಯ: ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯಲ್ಲಿ ಕೋರ್ ಸಾಫ್ಟ್‌ವೇರ್ ಸಿ-ಡಾಟ್‌ನದು, ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಣೆ ಟಿಸಿಎಸ್‌ನದು.

ತಪ್ಪು ಕಲ್ಪನೆ 4: ರಾಜ್ಯದ ಗಡಿ ಬಂದರೆ ಸಿಗ್ನಲ್ ನಿಲ್ಲುತ್ತದೆ.

ಸತ್ಯ: ರೇಡಿಯೊ ಅಲೆಗೆ ಗಡಿಕಲ್ಲಿನ ಹಂಗಿಲ್ಲ. ಗಡಿ ಇರುವುದು ಲೈಸೆನ್ಸಿನಲ್ಲಿ. ದೇಶದ 22 ಟೆಲಿಕಾಂ ಸರ್ಕಲ್‌ಗಳಿಗೆ ಸ್ಪೆಕ್ಟ್ರಂ ಬೇರೆ ಬೇರೆಯಾಗಿ ಹರಾಜಾಗುತ್ತದೆ. ಹಾಗಾಗಿ ಒಂದೇ ಕಂಪನಿಯ ಬಳಿಯೂ ಗಡಿಯ ಎರಡು ಕಡೆ ಬೇರೆ ಬೇರೆ ತರಂಗಾಂತರ ಇರಬಹುದು. ರಾಜ್ಯ ಒಡೆದರೂ ಲೈಸೆನ್ಸಿನ ಲೆಕ್ಕದಲ್ಲಿ ತೆಲಂಗಾಣ ಇನ್ನೂ ಆಂಧ್ರಪ್ರದೇಶ ಸರ್ಕಲ್ಲಿನದೇ ಭಾಗ. ಏರ್‌ಟೆಲ್ ಜಾಲದ ಸಂಕೇತ ಸಂಖ್ಯೆ ಅಲ್ಲಿ 404-49, ಕರ್ನಾಟಕದಲ್ಲಿ 404-45. ಫೋನಿನ ಕಣ್ಣಿಗೆ ಇವು ಎರಡು ಜಾಲ. ಮಾತು ತುಂಡಾಗದೆ ಟವರ್‌ನಿಂದ ಟವರ್‌ಗೆ ದಾಟಬೇಕಾದರೆ ಪ್ರತಿ ಟವರ್‌ಗೂ ನೆರೆಯ ಟವರ್‌ಗಳ ಪಟ್ಟಿ ಗೊತ್ತಿರಬೇಕು. 4ಜಿಯಲ್ಲಿ ಫೋನು ಕಂಡದ್ದನ್ನು ಕೇಳಿ ಸಾಫ್ಟ್‌ವೇರೇ ಪಟ್ಟಿ ತುಂಬಬಲ್ಲದು; ಸರ್ಕಲ್ ದಾಟಲು ಬಿಡಬೇಕೇ ಎಂಬುದನ್ನು ಮಾತ್ರ ಕಂಪನಿಯ ವಿನ್ಯಾಸ ನಿರ್ಧರಿಸುತ್ತದೆ.

ಆದ್ದರಿಂದ ಬೀದರ್ ದಾರಿಯಲ್ಲಿ ಕಾಲ್ ಕಟ್ಟಾದರೆ, ಬರೀ 'ಸಿಗ್ನಲ್ ಇಲ್ಲ' ಎಂದು ದೂರು ಬರೆಸಬೇಡಿ. ಯಾವ ಊರ ಬಳಿ, ಎಷ್ಟು ಹೊತ್ತಿಗೆ, ಯಾವ ಕಡೆ ಹೊರಟಿದ್ದಾಗ ಎಂದು ಹೇಳಿ. ಮೊದಲಿನ ದೂರಿಗೆ ಟವರ್ ಕೆಟ್ಟಿದೆಯೇ ಎಂದಷ್ಟೇ ನೋಡುತ್ತಾರೆ. ಎರಡನೆಯದನ್ನು ಹಿಡಿದು ನೆರೆಯ ಟವರ್‌ಗಳ ಪಟ್ಟಿಯನ್ನೇ ತಿದ್ದಬಹುದು.