ಕ್ರಿಸ್ತನ ಸಂಕಟಗಳಲ್ಲಿ ಉಳಿದ ಕೊರತೆ ಯಾವುದು?

ಕೊಲೊಸ್ಸೆಯವರಿಗೆ ಬರೆದ ಪತ್ರದ 1:24ರಲ್ಲಿ ಅಪೊಸ್ತಲನಾದ ಪೌಲನು ಕ್ರಿಸ್ತನ ಸಂಕಟಗಳಲ್ಲಿನ ಕೊರತೆಯೊಂದನ್ನು ತಾನು ಸಭೆಗೋಸ್ಕರ ತುಂಬುತ್ತಿರುವುದಾಗಿ ಹೇಳುತ್ತಾನೆ. ಹಾಗಾದರೆ ಶಿಲುಬೆಯ ಬಲಿ ಅಪೂರ್ಣವೇ? ಅದೇ ಪತ್ರದ 1:20 ಮತ್ತು 2:14 ಈ ಶಂಕೆಗೆ ಎಡೆಗೊಡುವುದಿಲ್ಲ. ಇಲ್ಲಿ ಬಂದಿರುವ ‘ಥ್ಲಿಪ್ಸಿಸ್’ ಎಂಬ ಗ್ರೀಕ್ ಪದವನ್ನು ಹೊಸ ಒಡಂಬಡಿಕೆಯು ಬೇರೆಲ್ಲಿಯೂ ಕ್ರಿಸ್ತನ ಪ್ರಾಯಶ್ಚಿತ್ತ ಮರಣಕ್ಕೆ ಬಳಸಿಲ್ಲ. ಅಂತ್ಯಕಾಲಕ್ಕೆ ಮುಂಚೆ ದೇವಜನರು ಅನುಭವಿಸಬೇಕಾದ ಬಾಧೆಗಳ ಪಾಲು ಇದೆಂದು ಕೆಲವು ವ್ಯಾಖ್ಯಾನಕಾರರು ತಿಳಿದಿದ್ದಾರೆ. ಅದು ತಳ್ಳಿಹಾಕುವಂಥದ್ದಲ್ಲ. ಆದರೂ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಇನ್ನೂ ಹತ್ತಿರದ ಬೆಳಕು ದೊರೆಯುತ್ತದೆಂದು ನನ್ನ ಅಭಿಪ್ರಾಯ.

ಆ ಪತ್ರದ 2:30ರಲ್ಲಿ ‘ಹುಸ್ಟೆರೇಮ’, ಅಂದರೆ ಕೊರತೆ, ಎಂಬ ಅದೇ ನಾಮಪದವೂ ‘ತುಂಬು’ ಎಂಬರ್ಥದ ಹತ್ತಿರದ ಕ್ರಿಯಾಪದವೂ ಜೊತೆಯಾಗಿ ಬಂದಿವೆ. ಸೆರೆಯಲ್ಲಿದ್ದ ಪೌಲನಿಗೆ ಫಿಲಿಪ್ಪಿ ಸಭೆಯ ಕಾಣಿಕೆಯನ್ನು ತಂದ ಎಪಫ್ರೊದೀತನು ಕಾಯಿಲೆಬಿದ್ದು ಸಾಯುವ ಸ್ಥಿತಿಗೆ ಬಂದಿದ್ದನು. ಕಾಣಿಕೆಯಲ್ಲಿ ಕೊರತೆಯಿರಲಿಲ್ಲ; ತನಗೆ ಸಮೃದ್ಧಿಯಾಯಿತೆಂದು 4:18ರಲ್ಲಿ ಪೌಲನೇ ಬರೆದಿದ್ದಾನೆ. ಇಲ್ಲದಿದ್ದುದು ಕೊಟ್ಟವರ ಸಾನ್ನಿಧ್ಯ. ಅದನ್ನು ಎಪಫ್ರೊದೀತನು ತನ್ನ ದೇಹದಿಂದಲೇ ತಲುಪಿಸಿದನು. ಕೊಲೊಸ್ಸೆ ಪತ್ರದ ಕೊರತೆಯೂ ಇಂಥದೇ: ಶಿಲುಬೆಯಲ್ಲಿ ಪೂರ್ಣವಾದ ಪ್ರೀತಿಯು ತಲುಪಬೇಕಾದವರ ಬಳಿಗೆ ಇನ್ನೂ ಹೊತ್ತೊಯ್ಯಲ್ಪಡಬೇಕಾಗಿದೆ.

ಮತ್ತೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಎಪಫ್ರೊದೀತನ ಕಾಯಿಲೆಯನ್ನು ಪೌಲನು ಕೊಂಡಾಡುವುದಿಲ್ಲ. ಅವನು ಗುಣಹೊಂದಿದ್ದನ್ನೇ ದೇವರ ಕರುಣೆಯೆಂದು ಹೇಳಿ (2:27), ಅವನನ್ನು ಊರಿಗೆ ಕಳುಹಿಸುತ್ತಾನೆ. ಸಂಕಟವು ಸೇವೆಯ ದಾರಿಯಲ್ಲಿ ಎದುರಾಯಿತೇ ಹೊರತು ಅದನ್ನು ಯಾರೂ ಅರಸಿರಲಿಲ್ಲ.

ಹವಾಯಿಯ ಅರಸೊತ್ತಿಗೆಯು 1865ರ ಕಾಯಿದೆಯಂತೆ ಕುಷ್ಠರೋಗಿಗಳನ್ನು ಮೊಲೊಕಾಯ್ ದ್ವೀಪಕ್ಕೆ ಸಾಗಹಾಕಿತು. 1873ರಲ್ಲಿ ಬೆಲ್ಜಿಯಂನ ಫಾದರ್ ಡೇಮಿಯನ್ ತಮ್ಮ 33ನೆಯ ವಯಸ್ಸಿನಲ್ಲಿ ಅಲ್ಲಿಗೆ ಹೋದರು. ಹುಣ್ಣುಗಳಿಗೆ ಪಟ್ಟಿ ಕಟ್ಟಿದರು, ಮನೆಗಳನ್ನು ನಿರ್ಮಿಸಿದರು, ಶವಪೆಟ್ಟಿಗೆಗಳನ್ನೂ ತಾವೇ ಮಾಡಿದರು. ಅವರು ಹೋದದ್ದು ರೋಗವನ್ನು ಪಡೆಯಲಿಕ್ಕಲ್ಲ. ಆದರೆ ರೋಗ ತಗಲಬಹುದೆಂದು ದೂರ ನಿಲ್ಲಲೂ ಇಲ್ಲ. ಸುಮಾರು 11 ವರ್ಷಗಳ ಬಳಿಕ ಅದು ಅವರಲ್ಲಿಯೂ ಕಾಣಿಸಿತು. 1889ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಆದುದರಿಂದ ಈ ವಚನವನ್ನು ಪ್ರಸಂಗಪೀಠದಿಂದ ಯಾರಿಗೆ ಹೇಳುತ್ತೇವೆಂಬುದು ಸಣ್ಣ ಮಾತಲ್ಲ. ಗಂಡನಿಂದ ಹೊಡೆತ ತಿನ್ನುವ ಹೆಂಗಸಿಗೆ, ಕೂಲಿ ದಕ್ಕದ ಆಳಿಗೆ, ಅದೇ ನಿಮ್ಮ ಶಿಲುಬೆ, ಸಹಿಸಿಕೊಳ್ಳಿರಿ ಎಂದು ಬೋಧಿಸುವವರುಂಟು. ಮಾರ್ಕ 8:34ರ ಶಿಲುಬೆ ಹಿಂಬಾಲಿಸುವವನು ತಾನೇ ಹೊರುವಂಥದ್ದು. ಬಲಶಾಲಿಯು ಬಲಹೀನನ ಹೆಗಲಿಗೆ ಹೇರುವಂಥದ್ದಲ್ಲ. ಪೌಲನು ಬರೆದದ್ದು ಕೊಲೊಸ್ಸೆಯವರು ಪಡಬೇಕಾದ ಸಂಕಟವನ್ನು ಕುರಿತಲ್ಲ, ಅವರಿಗೋಸ್ಕರ ತಾನು ಪಡುತ್ತಿದ್ದ ಸಂಕಟವನ್ನು ಕುರಿತು. ಆ ಹೆಂಗಸಿನ ಮನೆಗೆ ಸಂಬಂಧಿಸಿದಂತೆ ಈ ವಚನವು ಮೊದಲು ಕೇಳುವುದು, ಅವಳ ಪಕ್ಷ ವಹಿಸಿ ಊರಿನ ನಿಷ್ಠುರಕ್ಕೆ ಗುರಿಯಾಗಲು ಸಭಾಪಾಲಕನು ಸಿದ್ಧನಿದ್ದಾನೆಯೇ ಎಂದು.