ಶೂನ್ಯ ಅಂದ್ರೆ ಸೊನ್ನೆ ಅಲ್ಲ

ಬೌದ್ಧ ದರ್ಶನದಲ್ಲಿ 'ಎಲ್ಲವೂ ಶೂನ್ಯ' ಅಂತಾರೆ. ಮೊದಲ ಸಲ ಓದಿದಾಗ ನನಗೆ ಅನಿಸಿದ್ದು: ಏನೂ ಇಲ್ಲ ಅಂದ ಮೇಲೆ ಸೆಮಿಸ್ಟರ್‌ಗೆ ಓದೋದಾದರೂ ಯಾಕೆ? ಆದರೆ ಶೂನ್ಯತೆ ಅಂದರೆ 'ಏನೂ ಇಲ್ಲ' ಅಂತಲ್ಲ.

ಸುಮಾರು 2ನೇ ಶತಮಾನದ ನಾಗಾರ್ಜುನ ತನ್ನ 'ಮೂಲಮಧ್ಯಮಕಕಾರಿಕೆ'ಯಲ್ಲಿ ಹೇಳೋದು ಇಷ್ಟು: ಯಾವುದಕ್ಕೂ ತನ್ನಷ್ಟಕ್ಕೆ ತಾನೇ ನಿಲ್ಲುವ 'ಸ್ವಭಾವ' ಇಲ್ಲ. ಪ್ರತಿಯೊಂದೂ ಬೇರೆ ಕಾರಣಗಳನ್ನು ನೆಚ್ಚಿಕೊಂಡೇ ಇರುತ್ತದೆ. ಇದಕ್ಕೆ ಪ್ರತೀತ್ಯಸಮುತ್ಪಾದ ಅಂತ ಹೆಸರು. ಹೀಗೆ ಸ್ವಭಾವ ಇಲ್ಲದಿರುವುದೇ ಶೂನ್ಯತೆ.

ನಮ್ಮ ಲ್ಯಾಬ್‌ನಿಂದಲೇ ಒಂದು ಉದಾಹರಣೆ ತಗೊಳ್ಳೋಣ. ಸರ್ಕ್ಯೂಟ್‌ನಲ್ಲಿ ಒಂದು ಪಾಯಿಂಟ್‌ನ ವೋಲ್ಟೇಜ್ ಎಷ್ಟು? ಮಲ್ಟಿಮೀಟರ್‌ನ ಒಂದೇ ಪ್ರೋಬ್ ಇಟ್ಟರೆ ಉತ್ತರ ಸಿಗಲ್ಲ. ಎರಡನೆಯದನ್ನು ಇನ್ನೊಂದು ಕಡೆ ಇಡಲೇಬೇಕು. 5 ವೋಲ್ಟ್ ಅನ್ನೋದು ಆ ಪಾಯಿಂಟ್‌ನ ಒಳಗೆ ಕೂತಿಲ್ಲ, ಎರಡು ಪಾಯಿಂಟ್‌ಗಳ ಸಂಬಂಧದಲ್ಲಿದೆ. ಹಾಗಂತ ವೋಲ್ಟೇಜ್ ಸುಳ್ಳಾ? ಮೇನ್ಸ್ ಮುಟ್ಟಿದರೆ ಶಾಕ್ ಹೊಡೆಯುತ್ತೆ! ಇನ್ನು ಯಾವುದನ್ನು ಗ್ರೌಂಡ್ ಅಂತೀವೋ ಅದೂ ನಾವೇ ಆರಿಸಿಕೊಂಡಿದ್ದು. ನಾಗಾರ್ಜುನ ಕೂಡ ಶೂನ್ಯತೆಯನ್ನೇ ಒಂದು ಗಟ್ಟಿ ನೆಲ ಮಾಡಿಕೊಳ್ಳಬೇಡಿ, ಅದೂ ಶೂನ್ಯವೇ ಅನ್ನುತ್ತಾನೆ.

ಝೆನ್‌ನಲ್ಲಿ ಇದನ್ನು ಬರೀ ತರ್ಕವಾಗಿ ಬಿಡದೆ ಅಭ್ಯಾಸಕ್ಕೆ ತರುತ್ತಾರೆ. 13ನೇ ಶತಮಾನದ ಜಪಾನಿನ ಗುರು ಡೋಗೆನ್ ಪರಂಪರೆಯಲ್ಲಿ ಗೋಡೆಗೆ ಮುಖ ಮಾಡಿ ಸುಮ್ಮನೆ ಕೂರುತ್ತಾರೆ. ಅದೇ ಝಾಝೆನ್. ತಲೆ ಖಾಲಿ ಮಾಡೋದು ಅದರ ಉದ್ದೇಶ ಅಲ್ಲ. ಯೋಚನೆ ಬಂದರೆ ಬರಲಿ, ಹೋದರೆ ಹೋಗಲಿ. ಹಿಂದೆ ಓಡಬಾರದು, ತಳ್ಳಲೂಬಾರದು. ಹಾಗೆ ಕೂತಾಗ 'ನಾನು ಇಂಥವನು' ಅನ್ನೋದೂ ಬಂದು ಹೋಗುವ ಒಂದು ಯೋಚನೆ ಅಂತ ಗೊತ್ತಾಗುತ್ತೆ.

ನಮ್ಮ ಅಲ್ಲಮಪ್ರಭುವಿನ ವಚನಗಳಲ್ಲೂ ಶೂನ್ಯ, ಬಯಲು ಬರುತ್ತವೆ. ಆದರೆ ಪದ ಒಂದೇ ಅಂತ ಅರ್ಥವೂ ಒಂದೇ ಅಂದುಕೊಳ್ಳೋದು ಬೇಡ. ಅದಕ್ಕೆ ಬೇರೆ ಲೇಖನವೇ ಬೇಕು.

ಇದೆಲ್ಲ ನನಗೆ ಯಾಕೆ ಮುಖ್ಯ ಆಯ್ತು ಅಂದ್ರೆ, ಹೋದ ಸೆಮ್‌ನಲ್ಲಿ ಮ್ಯಾಥ್ಸ್ ಬ್ಯಾಕ್ ಆಯ್ತು. 'ನಾನು ಮ್ಯಾಥ್ಸ್‌ನಲ್ಲಿ ವೀಕ್, ನಾನಿರೋದೇ ಹೀಗೆ' ಅಂತ ತಿಂಗಳುಗಟ್ಟಲೆ ಅಂದುಕೊಂಡೆ. ಇದು ಸ್ವಭಾವದ ಮಾತು. ನಾಗಾರ್ಜುನನ ವಾದ ಇಲ್ಲಿ ನೇರ: ಸ್ವಭಾವವೇ ಹಾಗಿದ್ದರೆ ಯಾವುದೂ ಬದಲಾಗೋಕೆ ಆಗಲ್ಲ, ಕಲಿಯೋದಕ್ಕೂ ಅರ್ಥ ಇರಲ್ಲ. ಶೂನ್ಯವಾಗಿರೋದರಿಂದಲೇ ಬದಲಾವಣೆ ಸಾಧ್ಯ. ಕಾರಣ ಹುಡುಕಿದೆ: ಬಿಟ್ಟ ಕ್ಲಾಸ್‌ಗಳು, ಕೈಯಲ್ಲಿ ಬರೆದು ಮಾಡದ ಪ್ರಾಬ್ಲಮ್‌ಗಳು, ಪರೀಕ್ಷೆಯ ಹಿಂದಿನ ರಾತ್ರಿಯ ಓದು. ಮೂರೂ ಬದಲಾಯಿಸಬಹುದಾದವು.

ಬ್ಯಾಕ್ ಪೇಪರ್ ಇನ್ನೂ ಬರೆದಿಲ್ಲ. ದಿನಕ್ಕೆ ಐದು ಪ್ರಾಬ್ಲಮ್ ಮಾಡ್ತಾ ಇದ್ದೀನಿ.